ಅಗ್ಗದ ವಯರ್ ಇಯರ್‌ಫೋನು: ಮೊದಲು ಕಿವಿಗೆ ಕೂರಲಿ, ಆಮೇಲೆ ಧ್ವನಿಯ ಮಾತು

ಐನೂರರಿಂದ ಎರಡು ಸಾವಿರ ರೂಪಾಯಿಯೊಳಗಿನ ವಯರ್ ಇಯರ್‌ಫೋನನ್ನು ಪರೀಕ್ಷಿಸುವಾಗ ನಾನು ಧ್ವನಿಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಈ ಬೆಲೆಯ ಹೆಚ್ಚಿನವುಗಳ ಒಳಗಿರುವುದು 10 ಮಿಲಿಮೀಟರ್ ಆಸುಪಾಸಿನ ಒಂದೇ ಒಂದು ಡೈನಮಿಕ್ ಡ್ರೈವರ್, ಅಂದರೆ ತೆಳುಪೊರೆ ಅದುರಿ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್. ಅದನ್ನು ಕೇಳುವ ಹಾಗೆ ಮಾಡುವುದು ಈಗ ಯಾರಿಗೂ ದೊಡ್ಡ ಕೆಲಸವಲ್ಲ. ಕೆಡುವುದು ಬೇರೆ ಕಡೆ. ತುದಿಯ ರಬ್ಬರ್ ಬುಷ್ ಕಿವಿಗೆ ಕೂರುವುದಿಲ್ಲ, ವಯರ್ ಜ್ಯಾಕಿನ ಬುಡದಲ್ಲಿ ತುಂಡಾಗುತ್ತದೆ, ಬೆವರು ವಯರಿನ ಮೇಲಿನ ಬಟನ್ ಡಬ್ಬಿಗೆ ಇಳಿಯುತ್ತದೆ. ಅದಕ್ಕೇ ಮೊದಲು ಕಿವಿ, ಆಮೇಲೆ ವಯರ್, ಆಮೇಲೆ ಬೆವರು, ಕಡೆಗೆ ಹಾಡು.

ಸಾಮಾನು ಹೆಚ್ಚೇನೂ ಬೇಡ. ಒಂದು ಫೋನು, ಬೇಕಾದ ಹರ್ಟ್ಸ್‌ನ ಒಂದೇ ಸ್ವರ ಹೊರಡಿಸುವ ಟೋನ್ ಜನರೇಟರ್ ಆ್ಯಪ್, ಸಾಧಾರಣ ಮಲ್ಟಿಮೀಟರ್, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಅಷ್ಟೆ. ಫೋನಿನ ಈಕ್ವಲೈಜರ್, ಬಾಸ್ ಬೂಸ್ಟ್, ಡಾಲ್ಬಿ ಎಲ್ಲವನ್ನೂ ಆಫ್ ಮಾಡಬೇಕು. ಇಲ್ಲದಿದ್ದರೆ ಹೊಗಳುವುದು ಇಯರ್‌ಫೋನನ್ನು, ಕೇಳಿದ್ದು ಫೋನಿನ ಕೈಚಳಕವನ್ನು ಎಂದಾಗುತ್ತದೆ. ಎರಡನ್ನು ಹೋಲಿಸುವುದಾದರೆ 1 ಕಿಲೋಹರ್ಟ್ಸ್ ಟೋನ್ ಹಾಕಿ ಎರಡರ ಜೋರನ್ನೂ ಸಮ ಮಾಡಿಕೊಳ್ಳಿ. ಒಂದು ಡೆಸಿಬಲ್ ಜೋರಾಗಿದ್ದರೂ ಕಿವಿ ಅದನ್ನು ‘ಜೋರು’ ಎನ್ನುವುದಿಲ್ಲ, ‘ಚೆನ್ನಾಗಿದೆ’ ಎನ್ನುತ್ತದೆ. ಅಂಗಡಿಯ ಕೌಂಟರಿನಲ್ಲಿ ನಿಂತು ಎರಡು ನಿಮಿಷ ಕೇಳಿ ಆರಿಸಿದವರು ಮೋಸ ಹೋಗುವುದು ಇಲ್ಲೇ.

ಈಗ ಬುಷ್. ಡಬ್ಬಿಯಲ್ಲಿ ಸಾಮಾನ್ಯವಾಗಿ ಚಿಕ್ಕದು, ಮಧ್ಯಮ, ದೊಡ್ಡದು ಮೂರು ಜೊತೆ ಇರುತ್ತವೆ. ಹಾಕಿ ಬಂದ ಮಧ್ಯಮದ್ದನ್ನೇ ಬಿಟ್ಟುಬಿಡುವವರೇ ಹೆಚ್ಚು. ಒಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು, ಇನ್ನೊಂದು ಕೈಯಿಂದ ಬುಷ್ಷನ್ನು ಸ್ವಲ್ಪ ತಿರುಗಿಸುತ್ತಾ ಒಳಗೆ ಕೂರಿಸಿ. ಆ್ಯಪಿನಲ್ಲಿ 40 ಹರ್ಟ್ಸ್ ಟೋನನ್ನು ಮೆಲ್ಲಗೆ ಹಾಕಿ. ಈಗ ಬೆರಳ ತುದಿಯಿಂದ ಇಯರ್‌ಫೋನನ್ನು ಒಳಕ್ಕೆ ಹಗುರವಾಗಿ ಒತ್ತಿ. ಗುಂಯ್‌ಗುಡುವ ಸದ್ದು ಒಮ್ಮೆಗೇ ದಪ್ಪವಾದರೆ, ಒತ್ತುವ ಮೊದಲು ಗಾಳಿ ಸೋರುತ್ತಿತ್ತು ಎಂದರ್ಥ. ಬುಷ್ ಬದಲಿಸಿ. ಒತ್ತಿದರೂ ಬಿಟ್ಟರೂ ಒಂದೇ ಥರ ಕೇಳುವ ತನಕ ಬದಲಿಸುತ್ತಲೇ ಹೋಗಿ. ಎಡಗಿವಿಗೆ ಮಧ್ಯಮ, ಬಲಗಿವಿಗೆ ದೊಡ್ಡದು ಬೇಕಾಗುವುದು ಮಾಮೂಲು, ಅದರಲ್ಲಿ ಸಂಕೋಚ ಬೇಡ. ಒತ್ತುವಾಗ ಒಂದು ಎಚ್ಚರ: ಹೆಚ್ಚಿನವುಗಳ ಮೈಮೇಲೆ ಸೂಜಿಮೊನೆಯಷ್ಟು ಗಾಳಿತೂತು ಇರುತ್ತದೆ. ಬೆರಳು ಅದನ್ನು ಮುಚ್ಚಿದರೂ ಬಾಸ್ ಬದಲಾಗುತ್ತದೆ, ಪರೀಕ್ಷೆ ದಾರಿ ತಪ್ಪುತ್ತದೆ.

ಕೂತ ಮೇಲೆ ಬಾಯಿ ಪೂರ್ತಿ ತೆರೆದು ಮುಚ್ಚಿ, ಕತ್ತು ಎರಡೂ ಕಡೆ ತಿರುಗಿಸಿ, ಬಾಯಲ್ಲಿ ಏನನ್ನೋ ಅಗಿಯುವ ಹಾಗೆ ದವಡೆ ಆಡಿಸಿ. ದವಡೆ ಅಲ್ಲಾಡಿದಾಗ ಕಿವಿಯ ಕೊಳವೆಯ ಆಕಾರವೂ ಬದಲಾಗುತ್ತದೆ. ಕುರ್ಚಿಯಲ್ಲಿ ಸರಿಯಾಗಿ ಕೂತದ್ದು ಓಡುವಾಗ ಜಾರುವುದಕ್ಕೆ ಇದೂ ಒಂದು ಕಾರಣ, ಏದುಸಿರು ಬಿಡುವ ಬಾಯಿ ಸುಮ್ಮನಿರುವುದಿಲ್ಲವಲ್ಲ. ಕೆಲವನ್ನು ಕಿವಿಗೆ ತುರುಕುವಾಗ ಪ್ಲಾಸ್ಟಿಕ್ ಕವರ್ ಹಿಸುಕಿದ ಹಾಗೆ ಚರ್ ಎನ್ನುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿ ಡ್ರೈವರಿನ ತೆಳುಪೊರೆಯನ್ನು ತಳ್ಳಿದ ಸದ್ದು ಅದು. ನಿಧಾನವಾಗಿ ಹಾಕಿದರೆ ಕಡಿಮೆಯಾಗುತ್ತದೆ. ಅದೊಂದಕ್ಕೇ ನಾನು ಯಾವುದನ್ನೂ ವಾಪಸ್ ಮಾಡುವುದಿಲ್ಲ.

ಎಡ-ಬಲ ನೋಡಲು ಫೋನನ್ನು ಮೋನೋಗೆ (ಎರಡೂ ಕಿವಿಗೆ ಒಂದೇ ಸದ್ದು) ಹಾಕಿ ಯಾರದ್ದಾದರೂ ಮಾತು ಕೇಳಿ. ವಾರ್ತೆ ಓದುವ ದನಿ ಹಣೆಯ ನಡುವೆ ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಇಯರ್‌ಫೋನನ್ನು ಕಿವಿಯಿಂದ ಕಿವಿಗೆ ಅದಲುಬದಲು ಮಾಡಿ. ವಾಲಿಕೆಯೂ ಜೊತೆಗೇ ಬದಲಾದರೆ ತಪ್ಪು ಇಯರ್‌ಫೋನಿನದು. ಬದಲಾಗದಿದ್ದರೆ ಬುಷ್ಷಿನದೋ ಕಿವಿಯ ಗುಗ್ಗೆಯದೋ. ದನಿ ವಾಲದೆ, ನಡುವೆಯೂ ನಿಲ್ಲದೆ, ತಲೆಯ ಸುತ್ತ ಹರಡಿದಂತಾಗಿ ಬಾಸ್ ಸೊರಗಿದರೆ ಒಂದು ಕಡೆಯ ಪ್ಲಸ್-ಮೈನಸ್ ತಿರುಗುಮುರುಗಾಗಿದೆ ಎನ್ನಬಹುದು. ಬಿಚ್ಚಿ ಹಾಕುವ ಎರಡು ಪಿನ್ನಿನ ವಯರ್ ಆದರೆ ಒಂದು ಕಡೆಯ ಪಿನ್ನನ್ನು ತಿರುಗಿಸಿ ಚುಚ್ಚಿದರೆ ಸಾಕು. ಅಂಟಿಸಿದ ವಯರ್ ಆದರೆ ವಾಪಸ್ಸೇ ದಾರಿ.

ಡಬ್ಬಿಯ ಮೇಲಿನ ಅಂಕಿಗಳಲ್ಲಿ 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ಎಂಬುದನ್ನು ಓದಬೇಕಿಲ್ಲ, ಎಲ್ಲರೂ ಅದನ್ನೇ ಅಚ್ಚು ಹಾಕಿಸುತ್ತಾರೆ. ಓದಬೇಕಾದ್ದು ಓಮ್ (ವಿದ್ಯುತ್ತಿಗೆ ಒಡ್ಡುವ ತಡೆ) ಮತ್ತು ಸೆನ್ಸಿಟಿವಿಟಿ (ಇಷ್ಟು ವಿದ್ಯುತ್ತಿಗೆ ಎಷ್ಟು ಜೋರು). ಸೆನ್ಸಿಟಿವಿಟಿಯನ್ನು ಕೆಲವರು ಒಂದು ಮಿಲಿವ್ಯಾಟ್‌ಗೆ ಇಷ್ಟು ಡೆಸಿಬಲ್ ಎಂದು ಬರೆಯುತ್ತಾರೆ, ಕೆಲವರು ಒಂದು ವೋಲ್ಟ್‌ಗೆ ಇಷ್ಟು ಎಂದು. ಎರಡನ್ನೂ ಹಾಗೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. 32 ಓಮ್‌ನದಕ್ಕೆ ಎರಡರ ನಡುವಿನ ಅಂತರ ಸುಮಾರು 15 ಡೆಸಿಬಲ್, 16 ಓಮ್‌ನದಕ್ಕೆ ಸುಮಾರು 18. ಅಂದರೆ 32 ಓಮ್‌ನ ಒಂದರ ಮೇಲೆ ವೋಲ್ಟ್ ಲೆಕ್ಕದಲ್ಲಿ 112 ಎಂದಿದ್ದರೆ, ಮಿಲಿವ್ಯಾಟ್ ಲೆಕ್ಕದಲ್ಲಿ ಅದು 97 ಅಷ್ಟೆ. ಮಿಲಿವ್ಯಾಟ್ ಲೆಕ್ಕದಲ್ಲಿ 105 ಇರುವ ಪಕ್ಕದ ಡಬ್ಬಿ ನೋಡಲು ಕಡಿಮೆ, ಕೇಳಲು ಜೋರು.

ವಯರಿಗೆ ಬಂದರೆ, ಹಾಡು ನಿಲ್ಲಿಸಿ ಇಯರ್‌ಫೋನ್ ಕಿವಿಯಲ್ಲಿಟ್ಟುಕೊಂಡೇ ವಯರಿಗೆ ಉಗುರಿನಿಂದ ತಟ್ಟಿ, ಅಂಗಿಗೆ ಉಜ್ಜಿ. ಆ ಸದ್ದು ಕಿವಿಯಲ್ಲಿ ಎಷ್ಟು ಏರುತ್ತದೋ, ನಡೆಯುವಾಗ ಅಷ್ಟೂ ಕಾಟ ಕೊಡುತ್ತದೆ. ವಯರನ್ನು ಕಿವಿಯ ಮೇಲಿಂದ ಸುತ್ತಿ ಹಿಂದಕ್ಕೆ ಇಳಿಸುವ ಮಾದರಿಯಲ್ಲಿ ಇದು ತುಂಬಾ ಕಡಿಮೆ. ನೇರ ಕೆಳಗೆ ಬೀಳುವ ಮಾದರಿಯಾದರೆ ಕಾಲರಿಗೆ ಒಂದು ಕ್ಲಿಪ್ ಹಾಕಿ. ಜ್ಯಾಕ್ ಪ್ಯಾಂಟಿನ ಜೇಬಿಗಾದರೆ ಎಲ್ ಆಕಾರದ್ದೇ ಇರಲಿ. ನೇರ ಜ್ಯಾಕ್ ಕೂತಾಗಲೆಲ್ಲ ಬಾಗಿ ಬುಡದಲ್ಲೇ ತಂತಿ ಮುರಿಯುತ್ತದೆ. ವಯರನ್ನು ಫೋನಿಗೇ ಬಿಗಿಯಾಗಿ ಸುತ್ತಿಡುವ ಅಭ್ಯಾಸವೂ ಮುರಿಯುವುದು ಅಲ್ಲೇ.

ಬಿಚ್ಚಿ ಹಾಕುವ ವಯರಿಗೆ ನೂರಿನ್ನೂರು ಹೆಚ್ಚು ಕೊಡುವುದರಲ್ಲಿ ನನಗೆ ಬೇಸರವಿಲ್ಲ. ಮೂನ್‌ಡ್ರಾಪ್ ಕಂಪನಿಯ ಚು ಎಂಬ ಇಯರ್‌ಫೋನು 2022ರಲ್ಲಿ ಬಂದಾಗ ವಯರ್ ಅಂಟಿಕೊಂಡೇ ಇತ್ತು, ಅದರ ಎರಡನೇ ಆವೃತ್ತಿಗೆ 0.78 ಮಿಲಿಮೀಟರಿನ ಎರಡು ಪಿನ್ ಬಂತು. ಸೆವೆನ್ ಹರ್ಟ್ಸ್ ಎಂಬ ಕಂಪನಿಯ ಸಾಲ್ನೋಟ್ಸ್ ಝೀರೋದಲ್ಲೂ ಅದೇ ಅಳತೆ. ಅಳತೆ ಒಂದೇ ಆದ ಮೇಲೆ ವಯರೊಂದನ್ನೇ ಬೇರೆ ಕಡೆಯಿಂದ ತಂದು ಹಾಕಿಕೊಳ್ಳಬಹುದು.

‘ಹಾಡು ಬರುತ್ತೆ, ಹಾಡೋರ ದನಿ ಬರಲ್ಲ’ ಎಂಬ ದೂರು ಆಗಾಗ ಕೇಳಿಬರುತ್ತದೆ. ಇಯರ್‌ಫೋನ್ ಸುಟ್ಟಿಲ್ಲ, ಎರಡೂ ಕಡೆಗೆ ಸೇರಿದ ಗ್ರೌಂಡ್ ತಂತಿ ಬಿಟ್ಟಿದೆ. ಆಗ ಎಡ ಮತ್ತು ಬಲದ ವ್ಯತ್ಯಾಸವಷ್ಟೇ ಉಳಿಯುತ್ತದೆ. ಎರಡೂ ಕಡೆ ಸಮವಾಗಿರುವ ಗಾಯನ ಕಳೆದುಹೋಗಿ ಬಾವಿಯೊಳಗಿಂದ ವಾದ್ಯ ಬಂದಂತೆ ಕೇಳುತ್ತದೆ. ದಪ್ಪ ಬ್ಯಾಕ್ ಕವರ್ ಇದ್ದು ಜ್ಯಾಕ್ ಪೂರ್ತಿ ಒಳಹೋಗದಿದ್ದರೂ ಇದೇ ಆಗುತ್ತದೆ, ಆದ್ದರಿಂದ ಮೊದಲು ಕವರ್ ತೆಗೆದು ನೋಡಿ. ಆಮೇಲೆ ಮಲ್ಟಿಮೀಟರ್. ಮೈಕ್ ಇರುವ ಈಗಿನ ಜ್ಯಾಕಿನಲ್ಲಿ ತುದಿ ಎಡ, ಮೊದಲ ಉಂಗುರ ಬಲ, ಎರಡನೆಯ ಉಂಗುರ ಗ್ರೌಂಡ್, ಬುಡ ಮೈಕ್. ಗ್ರೌಂಡಿನಿಂದ ತುದಿಗೂ, ಗ್ರೌಂಡಿನಿಂದ ಮೊದಲ ಉಂಗುರಕ್ಕೂ ಓಮ್ ಅಳೆಯಿರಿ. ಎರಡೂ ಡಬ್ಬಿಯ ಅಂಕಿಯ ಹತ್ತಿರ, ಒಂದಕ್ಕೊಂದು ಹೆಚ್ಚುಕಡಿಮೆ ಸಮ ಇರಬೇಕು. ಅಳೆಯುತ್ತಲೇ ಜ್ಯಾಕಿನ ಬುಡ ಅಲ್ಲಾಡಿಸಿ. ಅಂಕಿ ಕುಣಿದರೆ ಮುರಿದ ಜಾಗ ಅಲ್ಲೇ. ಅಳೆಯುವಾಗ ಇಯರ್‌ಫೋನ್ ಕಿವಿಯಲ್ಲಿರಬಾರದು, ಟಕ್ ಎನ್ನುವ ಸದ್ದು ಜೋರಾಗಿಯೇ ಬರುತ್ತದೆ.

ಓಟಕ್ಕೆ ಮತ್ತು ದಿನಬಳಕೆಗೆ ಒಂದೇ ಜೊತೆ ಸಾಕೇ? ನನ್ನ ಮಟ್ಟಿಗೆ ಸಾಲದು. ಗಾಳಿ ಸೋರದಂತೆ ಕೂತದ್ದನ್ನು ಹಾಕಿಕೊಂಡು ನಮ್ಮ ತುಮಕೂರಿನ ಅಮಾನಿಕೆರೆಯ ಸುತ್ತ ಓಡಿ ನೋಡಿ. ಪ್ರತಿ ಹೆಜ್ಜೆಯೂ ತಲೆಯೊಳಗೆ ಧಡ್ ಧಡ್ ಎನ್ನುತ್ತದೆ. ಮುಚ್ಚಿದ ಕಿವಿಯಲ್ಲಿ ಮೂಳೆಯ ಮೂಲಕ ಬಂದ ಸದ್ದು ಹೊರಹೋಗಲು ದಾರಿ ಸಿಗದೆ ಒಳಗೇ ಉಳಿಯುತ್ತದೆ, ಅದಕ್ಕೆ. ಸಾವಿರ ಕೊಟ್ಟರೂ ಐದು ಸಾವಿರ ಕೊಟ್ಟರೂ ಇದು ತಪ್ಪಿದ್ದಲ್ಲ. ಓಟಕ್ಕೆ ಬುಷ್ ಇಲ್ಲದ ಹಳೆ ಗೋಲಿ ಮಾದರಿ, ಇಲ್ಲವೇ ಕಿವಿಯನ್ನು ಪೂರ್ತಿ ಮುಚ್ಚದ ಅರೆತೆರೆದ ಮಾದರಿ ವಾಸಿ. ಬಾಸ್ ಸ್ವಲ್ಪ ಹೋಗುತ್ತದೆ, ಹೋಗಲಿ. ಹಿಂದಿನಿಂದ ಬರುವ ಬೈಕು ಕೇಳಿಸುತ್ತದಲ್ಲ. ಬಿ.ಎಚ್. ರಸ್ತೆಯ ಬದಿಯಲ್ಲಿ ನಡೆಯುವುದೇ ಆದರೆ ರಸ್ತೆಯ ಕಡೆಯ ಕಿವಿ ಖಾಲಿ ಬಿಟ್ಟು, ಫೋನಿನ ಸೆಟ್ಟಿಂಗಿನಲ್ಲಿ ಮೋನೋ ಆನ್ ಮಾಡಿಕೊಳ್ಳಿ. ಎರಡೂ ಕಡೆಯ ಹಾಡು ಒಂದೇ ಕಿವಿಗೆ ಬರುತ್ತದೆ.

ಬೆವರಿಗೆ ಮೊದಲು ಸಾಯುವುದು ಡ್ರೈವರ್ ಅಲ್ಲ, ಬಟನ್ ಡಬ್ಬಿ. ಬೆವರು ವಯರನ್ನೇ ಹಿಡಿದು ಇಳಿಯುತ್ತದೆ, ದಾರಿಯಲ್ಲಿ ಸಿಗುವ ಮೊದಲ ಸಂದು ಅದೇ. ಆಂಡ್ರಾಯ್ಡ್ ಫೋನು ಬಟನ್ನನ್ನು ಗುರುತಿಸುವುದು ಮೈಕ್ ಮತ್ತು ಗ್ರೌಂಡ್ ನಡುವಿನ ರೆಸಿಸ್ಟೆನ್ಸಿನಿಂದ. ಹತ್ತಿರ ಹತ್ತಿರ ಸೊನ್ನೆ ಓಮ್ ಆದರೆ ನಿಲ್ಲಿಸು-ಹಾಡು, 240 ಆದರೆ ದನಿ ಏರಿಸು, 470 ಆದರೆ ಇಳಿಸು, 135 ಆದರೆ ಅಸಿಸ್ಟೆಂಟ್. ಉಪ್ಪುನೀರು ನಡುವೆ ಕೂತರೆ ಅದೂ ಒಂದು ರೆಸಿಸ್ಟೆನ್ಸೇ. ಹಾಗಾಗಿ ಓಡುತ್ತಿರುವಾಗ ಹಾಡು ತಾನಾಗಿ ನಿಲ್ಲುತ್ತದೆ, ಯಾರೂ ಕರೆಯದೆ ಅಸಿಸ್ಟೆಂಟ್ ‘ಏನು ಬೇಕು’ ಎನ್ನುತ್ತದೆ. ದೆವ್ವವೇನಲ್ಲ. ಓಟಕ್ಕೇ ಎಂದು ಕೊಳ್ಳುವವರು ಬಟನ್ ಇಲ್ಲದ್ದನ್ನು ಕೊಂಡರೆ ತಲೆನೋವು ಅರ್ಧ ಕಡಿಮೆ. ಡಬ್ಬಿಯ ಮೇಲೆ ಐಪಿಎಕ್ಸ್ 4 ಎಂದಿದ್ದರೆ ನೀರು ಸಿಡಿದರೆ ತಡೆಯುತ್ತದೆ ಎಂದಷ್ಟೇ. ಆ ಪರೀಕ್ಷೆ ಸಾದಾ ನೀರಿನಲ್ಲಿ, ಬೆವರಿನ ಉಪ್ಪಿನಲ್ಲಿ ಅಲ್ಲ. ಜ್ಯಾಕಿಗೂ ಅದು ಅನ್ವಯಿಸುತ್ತದೆಂದು ನಂಬಬೇಡಿ.

ದಿನಬಳಕೆಯ ಪರೀಕ್ಷೆಗೆ ಬೆಳಗಿನ ಬೆಂಗಳೂರು ರೈಲಿಗಿಂತ ಒಳ್ಳೆಯ ಜಾಗ ತುಮಕೂರಿನವರಿಗೆ ಇಲ್ಲ. ಸುಮಾರು 70 ಕಿಲೋಮೀಟರು ಹಳಿಯ ಸದ್ದು, ಮೂರು ಸೀಟಿನಾಚೆಯ ಜಗಳ, ಎರಡೂ ಪುಕ್ಕಟೆ. ಮನೆಯಲ್ಲಿ ಕೇಳಿದ ವಾಲ್ಯೂಮಿನಲ್ಲೇ ಮಾತು ಅರ್ಥವಾಗುತ್ತದೆಯೇ ನೋಡಿ. ನಾಲ್ಕೈದು ಮೆಟ್ಟಿಲು ಏರಿಸಲೇಬೇಕಾಗಿ ಬಂದರೆ ಅದು ಹೊರಗಿನ ಸದ್ದು ತಡೆಯುತ್ತಿಲ್ಲ, ನೀವು ಕಿವಿಗೆ ಹೊಡೆಸಿಕೊಳ್ಳುತ್ತಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ 4 ಗಂಟೆ ಮಾತ್ರ. ದಿನಾ ಹೋಗಿಬರುವವರಿಗೆ ಆ ನಾಲ್ಕು ಗಂಟೆ ಬುಧವಾರಕ್ಕೆ ಮೊದಲೇ ಮುಗಿದಿರುತ್ತದೆ.

ಕಡೆಗೆ ಹಾಡು. 20 ಹರ್ಟ್ಸ್‌ನಿಂದ ಮೇಲಕ್ಕೆ ಟೋನನ್ನು ಮೆಲ್ಲಗೆ ಏರಿಸುತ್ತಾ ಹೋಗಿ. ಕೆಳಗಿನ ಸ್ವರದಲ್ಲಿ ಒಂದು ಕಡೆ ಮಾತ್ರ ನೊಣದ ಹಾಗೆ ಗುಂಯ್‌ಗುಟ್ಟಿದರೆ ಪೊರೆಯ ಮೇಲೆ ಕೂದಲೋ ಕಸವೋ ಬಿದ್ದಿರಬಹುದು. ಆಮೇಲೆ ತಂಬೂರಿ ಶ್ರುತಿ ಹಾಕಿ. ಮೇಲಿನ ಸ್ವರಗಳು ಎಳೆಎಳೆಯಾಗಿ ಕೇಳಬೇಕು, ತಗಡಿನ ಮೇಲೆ ಗೀಚಿದಂತಲ್ಲ. ಮೃದಂಗದ ತೊಪ್ಪಿ ಕಡೆ ಬಿದ್ದ ಪೆಟ್ಟು ಗುಮ್ ಎಂದು ನಿಲ್ಲಬೇಕು, ಗಾಯಕಿಯ ದನಿಯ ಮೇಲೆ ಹರಿದಾಡಬಾರದು. ಸಕಾರ, ಶಕಾರ ಚುಚ್ಚಿದರೆ ಸಾಮಾನ್ಯವಾಗಿ 5ರಿಂದ 8 ಕಿಲೋಹರ್ಟ್ಸ್ ಏರಿದೆ ಎಂದರ್ಥ. ಸ್ವಲ್ಪವೇ ಆದರೆ ಸ್ಪಂಜಿನ ಬುಷ್ ಹಾಕಿದರೆ ತಗ್ಗುತ್ತದೆ.

ಜ್ಯಾಕ್ ತೂತಿಲ್ಲದ ಫೋನಿಗೆ ಅಡಾಪ್ಟರ್ ಕೊಳ್ಳುವಾಗ ಒಳಗೆ ಡಿಎಸಿ ಚಿಪ್ (ಫೋನಿನ ಡಿಜಿಟಲ್ ಅಂಕಿಗಳನ್ನು ಸದ್ದಿನ ವಿದ್ಯುತ್ತಾಗಿ ಬದಲಿಸುವುದು) ಇದೆಯೇ ಕೇಳಿ. ಚಿಪ್ ಇಲ್ಲದವು ಹಲವು ಫೋನುಗಳಲ್ಲಿ ಸುಮ್ಮನೆ ಮೌನ.

ಇಯರ್‌ಫೋನಿನ ಬಾಯಿಯ ಜಾಲರಿ ಶುಚಿ ಮಾಡುವಾಗ ಬುಷ್ ತೆಗೆದು, ಕೊಳವೆಯ ಬಾಯಿ ಕೆಳಮುಖವಾಗಿ ಹಿಡಿದು ಒಣ ಬ್ರಷ್‌ನಿಂದ ಉಜ್ಜಿ. ಗುಗ್ಗೆ ಕೆಳಗೆ ಉದುರಬೇಕು. ಬಾಯಿಂದ ಊದಬೇಡಿ, ಸೂಜಿ ಚುಚ್ಚಬೇಡಿ, ಗುಗ್ಗೆ ಒಳಗೇ ಹೋಗುತ್ತದೆ. ಬುಷ್‌ಗಳನ್ನು ಸೋಪು ನೀರಲ್ಲಿ ತೊಳೆದು ಪೂರ್ತಿ ಆರಿಸಿ. ಓಡಿ ಬಂದಾಗ ಒಂದು ಕಡೆ ಸದ್ದು ಕಡಿಮೆಯಾಗಿ ಬೆಳಿಗ್ಗೆ ಸರಿಹೋದರೆ ಅದು ಜಾಲರಿಯಲ್ಲಿ ನಿಂತ ಬೆವರು. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಇನ್ನು ಅಂಗಡಿಯ ಬಿಲ್ಲು: ಥರ್ಮಲ್ ಕಾಗದದ ಅಕ್ಷರ ವಾರಂಟಿ ಮುಗಿಯುವ ಮೊದಲೇ ಮಾಸುತ್ತದೆ, ಕೊಂಡ ದಿನವೇ ಫೋಟೋ ತೆಗೆದಿಟ್ಟುಕೊಳ್ಳಿ.