ವಿಎಸ್ ಕೋಡ್‌ನಲ್ಲಿ ಜಾಂಗೋ: ಆ ಹಳದಿ ಗೆರೆ ಹೋಗುವವರೆಗೆ

ಅಪ್ಪನ ದಿನಸಿ ಅಂಗಡಿಯ ಸಾಲದ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಬೇಕೆಂದು ಹಾಸನದಲ್ಲಿರುವ ತಂಗಿ ಹಟ ಹಿಡಿದಳು. ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಸಲಕರಣೆಯಾದ ಜಾಂಗೋವನ್ನು, ಫೋನಿನಲ್ಲೇ ಹೇಳಿಕೊಟ್ಟು ಅವಳ ಲ್ಯಾಪ್‌ಟಾಪಿಗೆ ಹಾಕಿಸಿದೆ. ಅವಳಿಗೆ ಹೇಳಿದ ಹಾಗೆಯೇ ಇಲ್ಲಿಯೂ ಬರೆಯುತ್ತೇನೆ. ಇದು ವಿಂಡೋಸ್ ಇರುವವರಿಗೆ.

ಪೈಥಾನ್ ಮೊದಲೇ ಇರಬೇಕು, ಕೋಡ್ ಬರೆಯುವ ಎಡಿಟರ್ ಆದ ವಿಎಸ್ ಕೋಡ್‌ನಲ್ಲಿ ಮೈಕ್ರೋಸಾಫ್ಟ್‌ನ ಪೈಥಾನ್ ಎಕ್ಸ್‌ಟೆನ್ಷನ್ ಇರಬೇಕು. ಖಾಲಿ ಫೋಲ್ಡರ್ ಮಾಡಿ ಅದನ್ನೇ ಎಡಿಟರ್‌ನಲ್ಲಿ ತೆರೆಯಿರಿ. ಟರ್ಮಿನಲ್‌ನಲ್ಲಿ, ಅಂದರೆ ಎಡಿಟರ್ ಒಳಗೇ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ‘ಪೈಥಾನ್ -ಎಂ ವೆನ್ವ್ .ವೆನ್ವ್’ ಎಂದು ಟೈಪ್ ಮಾಡಿ (ಇಲ್ಲಿನ ಆಜ್ಞೆಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ). ವೆನ್ವ್ ಎಂದರೆ ವಿ, ಇ, ಎನ್, ವಿ. ಈ ಯೋಜನೆಗೆಂದೇ ಒಂದು ಪ್ರತ್ಯೇಕ ಪೈಥಾನ್ ಸಿದ್ಧವಾಗುತ್ತದೆ.

ಆಗ ಕೆಳಗೆ ಒಂದು ಪುಟ್ಟ ಪೆಟ್ಟಿಗೆ ತೆರೆದುಕೊಂಡು, ಹೊಸ ಪರಿಸರವನ್ನು, ಅಂದರೆ ಆ ಪ್ರತ್ಯೇಕ ಪೈಥಾನನ್ನು, ಈ ಫೋಲ್ಡರಿಗೆ ಆರಿಸಿಕೊಳ್ಳಲೇ ಎಂದು ಕೇಳುತ್ತದೆ. ಹೌದು ಎನ್ನಿ. ತಂಗಿ ಅದನ್ನು ಮುಚ್ಚಿಬಿಟ್ಟಳು. ಮುಂದೆ ಅರ್ಧ ಗಂಟೆ ಹೋದದ್ದು ಅಲ್ಲಿಯೇ. “ಅಕ್ಕಾ, ಹಾಕಿದ್ದೇನೆ, ಆದರೂ ಜಾಂಗೋ ಎಂಬ ಪದದ ಕೆಳಗೆ ಹಳದಿ ಗೆರೆ ಬರುತ್ತಿದೆ” ಎಂದಳು. ಟರ್ಮಿನಲ್ ಒಂದು ಪೈಥಾನ್ ನೋಡುತ್ತಿತ್ತು, ಎಡಿಟರ್ ಇನ್ನೊಂದನ್ನು. ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿ, ‘ಸೆಲೆಕ್ಟ್ ಇಂಟರ್‌ಪ್ರಿಟರ್’ ಹುಡುಕಿ, ಹೆಸರಿನಲ್ಲಿ .ವೆನ್ವ್ ಇರುವುದನ್ನೇ ಆರಿಸಿ. ನಂತರ ಹಳೆಯ ಟರ್ಮಿನಲ್ ಮುಚ್ಚಿ ಹೊಸದನ್ನು ತೆರೆಯಿರಿ. ಸ್ಕ್ರಿಪ್ಟ್ ಓಡಿಸಲು ಅನುಮತಿಯಿಲ್ಲ ಎಂಬ ಕೆಂಪು ಸಾಲುಗಳು ಬಂದರೆ, ಟರ್ಮಿನಲ್ ಬಗೆಗಳಲ್ಲಿ ಪವರ್‌ಶೆಲ್ ಬಿಟ್ಟು ಕಮಾಂಡ್ ಪ್ರಾಂಪ್ಟ್ ಆರಿಸಿ.

ಈಗ ‘ಪಿಪ್ ಇನ್‌ಸ್ಟಾಲ್ ಜಾಂಗೋ’. ಕಾಗುಣಿತ ನೋಡಿಕೊಳ್ಳಿ: ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಹೆಸರು ಇದು, ಉಚ್ಚಾರದಲ್ಲಿ ಕೇಳಿಸದ ಡಿ ಮೊದಲಿಗಿದೆ. ಆಮೇಲೆ ‘ಜಾಂಗೋ-ಅಡ್ಮಿನ್ ಸ್ಟಾರ್ಟ್‌ಪ್ರಾಜೆಕ್ಟ್ ಅಂಗಡಿ .’ ಕೊನೆಯಲ್ಲಿ ಜಾಗ ಬಿಟ್ಟು ಇಟ್ಟ ಚುಕ್ಕಿ ಮರೆತರೆ ಎಲ್ಲವೂ ಇನ್ನೊಂದು ಫೋಲ್ಡರಿನೊಳಗೆ ಹೋಗಿ ಕೂರುತ್ತದೆ. ಡೇಟಾಬೇಸ್ ಸಿದ್ಧಮಾಡಲು ‘ಪೈಥಾನ್ ಮ್ಯಾನೇಜ್.ಪಿವೈ ಮೈಗ್ರೇಟ್’, ಬಳಿಕ ಸರ್ವರ್ ಶುರುಮಾಡಲು ‘ಪೈಥಾನ್ ಮ್ಯಾನೇಜ್.ಪಿವೈ ರನ್‌ಸರ್ವರ್’. ಬ್ರೌಸರ್‌ನಲ್ಲಿ 127.0.0.1:8000 ತೆರೆದರೆ ರಾಕೆಟ್ ಚಿತ್ರ ಕಾಣುತ್ತದೆ.

ಅಷ್ಟಕ್ಕೇ ನಿಲ್ಲಿಸಬೇಡಿ. ಸೆಟ್ಟಿಂಗ್ಸ್ ಫೈಲಿನಲ್ಲಿ ಟೈಮ್ ಝೋನ್‌ಗೆ ‘ಏಷ್ಯಾ/ಕೋಲ್ಕತಾ’ ಎಂದೂ, ಲ್ಯಾಂಗ್ವೇಜ್ ಕೋಡ್‌ಗೆ ಕೆ, ಎನ್ ಎಂಬ ಎರಡು ಅಕ್ಷರಗಳನ್ನೂ ಇಂಗ್ಲಿಷಿನಲ್ಲೇ ಕೊಟ್ಟು ಉಳಿಸಿ. ಸರ್ವರ್ ತಾನಾಗಿಯೇ ಮತ್ತೆ ಶುರುವಾಗುತ್ತದೆ. ವಿಳಾಸದ ಕೊನೆಗೆ ಅಡ್ಮಿನ್ ಸೇರಿಸಿದರೆ ಬರುವ ಪುಟದಲ್ಲಿ ಕನ್ನಡವಿದೆ. ಅನುವಾದ ಪೂರ್ತಿಯಾಗಿಲ್ಲ, ಒಳಗೆ ಹೋದಂತೆ ಅಲ್ಲಲ್ಲಿ ಇಂಗ್ಲಿಷ್ ಉಳಿದಿದೆ. ಆದರೂ ತಂಗಿ ಲ್ಯಾಪ್‌ಟಾಪ್ ಎತ್ತಿಕೊಂಡು ನೇರ ಗಲ್ಲಾಪೆಟ್ಟಿಗೆಯ ಬಳಿಗೆ, ಅಪ್ಪನಿಗೆ ತೋರಿಸಲು ಹೋದಳು.