ಹುಬ್ಬಳ್ಳಿಯಿಂದ ದೂರದ ರೈಲು: ಅಗ್ಗದ ಟಿಕೆಟೋ, ರದ್ದು ಮಾಡಬಲ್ಲ ಟಿಕೆಟೋ?

ಬೇರೆ ದೇಶಗಳಲ್ಲಿ ಅಗ್ಗದ ಟಿಕೆಟ್ ಕೊಂಡರೆ ಬದಲಿಸಲು ಬರುವುದಿಲ್ಲ, ಬದಲಿಸಬೇಕೆಂದರೆ ಹೆಚ್ಚು ಕೊಡಬೇಕು. ನಮ್ಮ ರೈಲ್ವೆಯಲ್ಲಿ ಇದು ಬಹುಪಾಲು ತಿರುವುಮುರುವು. ಸಾಮಾನ್ಯ ಕೋಟಾದ ಮುಂಗಡ ಟಿಕೆಟ್ಟೇ ಅಗ್ಗ, ರದ್ದು ಮಾಡಿದರೆ ದುಡ್ಡು ವಾಪಸ್ ಬರುವುದೂ ಅದರಲ್ಲೇ. ತತ್ಕಾಲ್‌ಗೆ, ಅಂದರೆ ಕೊನೆಗಳಿಗೆಯ ಕೋಟಾಕ್ಕೆ, ಹೆಚ್ಚು ಕೊಟ್ಟೂ, ಸೀಟು ಕನ್ಫರ್ಮ್ ಆದ ಮೇಲೆ ರದ್ದು ಮಾಡಿದರೆ ಒಂದು ಪೈಸೆ ಬರುವುದಿಲ್ಲ. ಅದಕ್ಕೇ ಹೋಗುವುದು ಅರ್ಧ ಖಾತ್ರಿ ಇದ್ದಾಗಲೂ ನಾನು ಮೊದಲೇ ಬುಕ್ ಮಾಡಿಡುತ್ತೇನೆ. 2024ರ ನವೆಂಬರ್ 1ರಿಂದ ಮುಂಗಡದ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ.

ಇನ್ನು ರದ್ದತಿಯ ಲೆಕ್ಕ. 2015ರ ನವೆಂಬರ್‌ನಲ್ಲಿ ಬಂದ ಕೋಷ್ಟಕದ ಪ್ರಕಾರ, ಕನ್ಫರ್ಮ್ ಟಿಕೆಟ್ಟನ್ನು ರೈಲು ಹೊರಡುವ 48 ಗಂಟೆಗಿಂತ ಮೊದಲು ರದ್ದು ಮಾಡಿದರೆ ಸ್ಲೀಪರ್‌ಗೆ ₹120, ತ್ರೀ ಎಸಿಗೆ ₹180, ಟು ಎಸಿಗೆ ₹200 ಕಡಿತ. 48ರಿಂದ 12 ಗಂಟೆಯೊಳಗೆ ದರದ ಶೇ 25, 12ರಿಂದ 4 ಗಂಟೆಯೊಳಗೆ ಶೇ 50. ಆದರೆ ಮೇಲಿನ ಮೊತ್ತಕ್ಕಿಂತ ಕಡಿಮೆ ಎಂದೂ ಇಲ್ಲ. ಎಸಿಗೆ ಜಿಎಸ್‌ಟಿ ಬೇರೆ. ಗಂಟೆಗಳ ಗಡಿಯನ್ನು ರೈಲ್ವೆ ಪರಿಷ್ಕರಿಸುತ್ತಿರುತ್ತದೆ, ಬುಕ್ ಮಾಡುವ ದಿನದ ಕೋಷ್ಟಕ ನೋಡಿಕೊಳ್ಳಿ. ಲೆಕ್ಕದ ರೀತಿ ಅದೇ.

ಬೆಂಗಳೂರಿಗೆ ₹300ರ ಸ್ಲೀಪರ್ ಟಿಕೆಟ್ ಇದೆ ಎನ್ನಿ. ಅದರ ಶೇ 25 ಎಂದರೆ ₹75, ಕನಿಷ್ಠಕ್ಕಿಂತ ಕಡಿಮೆ. ಹಾಗಾಗಿ ಮೂರು ದಿನ ಮೊದಲು ರದ್ದು ಮಾಡಿದರೂ ಶೇ 50ರ ಗಡಿಗೆ ತುಸು ಮುಂಚೆ ಮಾಡಿದರೂ ಹೋಗುವುದು ಅದೇ ₹120. ಗಡಿಬಿಡಿ ಬೇಡ, ಕಾದು ನೋಡಿ. ದೆಹಲಿಗೆ ₹3,000ದ ಟು ಎಸಿ ಆದರೆ ಕಡಿತ ₹200ರಿಂದ ₹750ಕ್ಕೆ, ಆಮೇಲೆ ₹1,500ಕ್ಕೆ ಹಾರುತ್ತದೆ. ಇಂಥ ಟಿಕೆಟ್‌ಗೆ ಮಾತ್ರ ಮೊಬೈಲ್‌ನಲ್ಲಿ ಅಲಾರಂ ಇಟ್ಟು, ಮೊದಲ ಗಡಿ ದಾಟುವ ಮುಂಚೆ ತೀರ್ಮಾನ ಮಾಡುತ್ತೇನೆ.

ವೇಟಿಂಗ್ ಲಿಸ್ಟ್ ಅಥವಾ ಆರ್‌ಎಸಿ (ಬರ್ತ್ ಹಂಚಿಕೊಂಡು ಕೂರುವ) ಟಿಕೆಟ್ಟಿನಲ್ಲಿ ನಷ್ಟ ಇನ್ನೂ ಕಡಿಮೆ: ಹೊರಡುವ 30 ನಿಮಿಷ ಮೊದಲಿನವರೆಗೆ ತಲೆಗೆ ₹60 ಅಷ್ಟೇ. ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ, ಕೆಲವರದು ಕನ್ಫರ್ಮ್, ಕೆಲವರದು ವೇಟಿಂಗ್ ಆಗಿದ್ದರೆ ಎಲ್ಲರ ಟಿಕೆಟ್ ಒಟ್ಟಿಗೆ ರದ್ದು ಮಾಡಿದಾಗ ಕನ್ಫರ್ಮ್ ಆದವರಿಗೂ ಇದೇ ಲೆಕ್ಕ ಸಿಗುತ್ತದೆ. ಮನೆಮಂದಿ ಎಲ್ಲ ಹೊರಟಾಗ ಪಿಎನ್‌ಆರ್ ಒಡೆಯದಿರುವುದಕ್ಕೆ ಇದೇ ಕಾರಣ.

ಹಾವೇರಿಯವರಿಗೆ ಒಂದು ಮಾತು. ಹುಬ್ಬಳ್ಳಿಯಿಂದಲೇ ಹೊರಡುವ ರೈಲಿಗೆ ಹಾವೇರಿಯಿಂದ ಪೂಲ್ಡ್ ಕೋಟಾದ (ನಡುವಿನ ಹಲವು ನಿಲ್ದಾಣಗಳು ಹಂಚಿಕೊಳ್ಳುವ ಸೀಟುಗಳ) ವೇಟಿಂಗ್ ತೋರಿಸಿದರೆ, ಹುಬ್ಬಳ್ಳಿಯಿಂದ ಹುಡುಕಿ ನೋಡಿ. ಅಲ್ಲಿ ಸೀಟು ಖಾಲಿ ಇದ್ದರೆ ಹುಬ್ಬಳ್ಳಿಯಿಂದ ಟಿಕೆಟ್ ತೆಗೆದು, ಬುಕ್ ಮಾಡುವಾಗಲೇ ಬೋರ್ಡಿಂಗ್ (ಹತ್ತುವ ನಿಲ್ದಾಣ) ಹಾವೇರಿ ಎಂದು ಕೊಡಿ. ಸ್ವಲ್ಪ ಹೆಚ್ಚು ದೂರದ ದರ ಬೀಳುತ್ತದೆ, ಸೀಟು ಖಾತ್ರಿ. ಆಮೇಲೆ ಹುಬ್ಬಳ್ಳಿಯಲ್ಲಿ ಹತ್ತುವ ಹಕ್ಕು ಇರುವುದಿಲ್ಲ, ನೆನಪಿರಲಿ.

ತತ್ಕಾಲ್ ಕೊನೆಯ ದಾರಿ. ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ, ಹಿಂದಿನ ದಿನ ತೆರೆಯುತ್ತದೆ. ಈ ‘ಹಿಂದಿನ ದಿನ’ದಲ್ಲೇ ಗದಗಿನ ಕಡೆಯವರು ಎಡವುವುದು. ಮೈಸೂರಿನಿಂದ 11ನೇ ತಾರೀಖು ಹೊರಟ ರೈಲು ಮಧ್ಯರಾತ್ರಿ ದಾಟಿ 12ನೇ ತಾರೀಖು ಗದಗಕ್ಕೆ ಬರುವುದಾದರೆ, ತತ್ಕಾಲ್ ತೆರೆಯುವುದು 10ನೇ ತಾರೀಖು; ಲೆಕ್ಕ ರೈಲು ಮೈಸೂರು ಬಿಡುವ ದಿನದ್ದು. 11ರಂದು ಲಾಗಿನ್ ಆದರೆ ಎಲ್ಲ ಮುಗಿದಿರುತ್ತದೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣವೂ ಬೇಕು, ಅದನ್ನು ಮೊದಲೇ ಮುಗಿಸಿಡಿ.

ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣ ಬಿಟ್ಟರೆ ತತ್ಕಾಲ್ ಟಿಕೆಟ್ಟಿಗೂ ಪೂರ್ತಿ ಹಣ ಬರುತ್ತದೆ. ರೈಲು ಹೊರಡುವ ಮುಂಚೆಯೇ ಟಿಡಿಆರ್ (ಹಣ ವಾಪಸ್ ಕೇಳುವ ಅರ್ಜಿ) ಹಾಕಿರಬೇಕು. ಆದರೆ ಹುಬ್ಬಳ್ಳಿಯಿಂದ ತತ್ಕಾಲ್ ತೆಗೆದು ಹಾವೇರಿಯಲ್ಲಿ ಹತ್ತುವವರಿಗೆ ತಡದ ಲೆಕ್ಕ ಹಿಡಿಯುವುದು ಹುಬ್ಬಳ್ಳಿಯಲ್ಲಿ, ಹಾವೇರಿಯಲ್ಲಿ ಅಲ್ಲ.