ಬಿರುಕು ನಿಂತಿದ್ದು ಬೂದಿಯಲ್ಲಿ

"ಬೂದಿಯಲ್ಲಿ ಹೂತಿಟ್ಟು ಅಣುಸ್ಥಾವರದ ಕೆಲಸ ಮಾಡ್ತೀಯೇನೋ?" ಅಂತ ನಕ್ಕವರಲ್ಲಿ ಇಬ್ಬರು ಹೋದ ತಿಂಗಳು ನನ್ನ ಶೆಡ್ಡಿಗೆ ಬಂದು ಡ್ರಮ್ಮಿನ ಅಳತೆ ಬರೆದುಕೊಂಡು ಹೋದರು. ಅಳತೆ ಕೊಟ್ಟೆ, ಟೀ ಕುಡಿಸಿದೆ. ಎಲ್ಲವನ್ನೂ ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ. ಬಿಸಿ ರಿಂಗನ್ನು ಬೂದಿಯಲ್ಲಿ ಹುಗಿದು ಬಿರುಕು ಬಿಡದಂತೆ ನಿಧಾನ ತಣಿಸುವ ಕಥೆ ಇದು. ಹಾರ್ಡ್‌ಫೇಸಿಂಗ್ (ಸವೆಯುವ ಮುಖದ ಮೇಲೆ ಗಟ್ಟಿ ಲೋಹದ ಪದರ ಬೆಸೆಯುವುದು) ಮಾಡುವವರಿಗೆ ಇಷ್ಟು ಸಾಕು.

ದಾವಣಗೆರೆಯ ಲೋಕಿಕೆರೆ ರಸ್ತೆ ಕಡೆ ನನ್ನದೊಂದು ಸಣ್ಣ ಶೆಡ್. ಇಪ್ಪತ್ತು ವರ್ಷ ಸಕ್ಕರೆ ಕಾರ್ಖಾನೆ ರೋಲರ್, ಬೋರ್‌ವೆಲ್ ಬಿಟ್, ರೈಸ್ ಮಿಲ್ ಸಾಮಾನು ತುಂಬಿಕೊಡುತ್ತಾ ಬಂದವನು. ನಾಲ್ಕು ವರ್ಷದ ಹಿಂದೆ ಒಂದು ವಾಲ್ವ್ ಕಂಪನಿಯಿಂದ ಅಣುಸ್ಥಾವರದ ಜಾಬ್ ವರ್ಕ್ ಬಂತು. 316 ಎಲ್ ಸ್ಟೇನ್‌ಲೆಸ್ ಸೀಟ್ ರಿಂಗು (ವಾಲ್ವ್ ಮುಚ್ಚಿದಾಗ ಕೂರುವ ಬಳೆ), ಹೆಚ್ಚುಕಮ್ಮಿ 300 ಮಿಮೀ ಹೊರ ವ್ಯಾಸ, ಎಂಟು ಕಿಲೋ ತೂಕ. ಅದರ ಮುಖಕ್ಕೆ ಪಿಟಿಎಯಲ್ಲಿ (ಲೋಹದ ಪುಡಿಯನ್ನು ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ಬೆಸೆಯುವ ಮೆಷಿನ್) ಕಾಲ್ಮೊನಾಯ್ 5 ಅನ್ನುವ ನಿಕಲ್ ಮಿಶ್ರಲೋಹ. ಲೇತಿನಿಂದ ಇಳಿದ ಮೇಲೆ ಎರಡೂವರೆ ಮಿಮೀ ಉಳಿಯಬೇಕು.

ಹಾರ್ಡ್‌ಫೇಸಿಂಗಿನ ಇನ್ನೊಂದು ಲೋಹ ಸ್ಟೆಲೈಟ್ 6 ಆಗಿದ್ದರೆ ಕಣ್ಣು ಮುಚ್ಚಿ ಮಾಡುತ್ತಿದ್ದೆ. ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೋಬಾಲ್ಟ್. ಸೀಟು ಸವೆದು ಉದುರಿದ ಪುಡಿ ನೀರಿನ ಜೊತೆ ರಿಯಾಕ್ಟರಿನ ಒಳಗೆ ಸುತ್ತಿ ಬಂದರೆ ಕೋಬಾಲ್ಟ್-60 ಆಗುತ್ತದೆ. ಅದರ ಅರ್ಧಾಯುಷ್ಯ ಐದೂ ಕಾಲು ವರ್ಷ. ಪೈಪಿನ ಒಳಗೋಡೆಗೆ ಅಂಟಿಕೊಂಡು ಕೂತರೆ ರಿಪೇರಿಗೆ ಹೋದ ಫಿಟರ್ ಮೈಮೇಲೆ ಗಾಮಾ ಕಿರಣ. ಕಲ್ಪಾಕ್ಕಂನ 500 ಮೆಗಾವ್ಯಾಟಿನ ಫಾಸ್ಟ್ ಬ್ರೀಡರ್‌ಗೂ ಇದೇ ಕಾರಣಕ್ಕೆ ಸ್ಟೆಲೈಟ್ ಬಿಟ್ಟು ಕಾಲ್ಮೊನಾಯ್ ಆರಿಸಿಕೊಂಡರು. ವಾಲ್ವ್ ಸೋರಬಾರದು, ಪದೇ ಪದೇ ಬಿಚ್ಚಲೂಬಾರದು. ಕೈಗಾದ ಒಂದನೇ ಘಟಕ 962 ದಿನ ನಿಲ್ಲದೆ ಓಡಿ 2018ರ ಕೊನೆಯ ದಿನ ನಿಂತಿತಲ್ಲ, ಅಲ್ಲಿ ನನ್ನ ರಿಂಗು ಇರಲಿಲ್ಲ ಬಿಡಿ. ಆದರೆ ಅಷ್ಟು ದಿನ ಕೈಯಿಡದೆ ಓಡಿಸಬೇಕು ಅಂದರೆ ಎಂಥ ಸೀಟು ಬೇಕು ಅಂತ ಅರ್ಥವಾಯಿತು.

ಮೊದಲ ಲಾಟಿನಲ್ಲಿ ಹನ್ನೆರಡು ರಿಂಗು. ಒಂಬತ್ತು ಹೋದವು. ಬೀಡ್ (ಬೆಸುಗೆಯ ಪದರ) ಮುಗಿಸಿ, ಬಿಸಿ ಹಿಡಿದಿಡುವ ಬ್ಲಾಂಕೆಟ್ ಹೊದಿಸಿ ಟೀ ಕುಡಿಯುತ್ತಿದ್ದೆವು. ಒಳಗಿನಿಂದ 'ಟಿಣ್' ಅಂತ ಸದ್ದು. ನಮ್ಮ ವೆಲ್ಡರ್ ಲೋಟ ಕೆಳಗಿಟ್ಟು, "ಯಜಮಾನ್ರೇ, ಹೋಯ್ತು" ಅಂದ. ಡಿಪಿ (ಬಿರುಕಿಗೆ ಇಳಿಯುವ ಕೆಂಪು ಬಣ್ಣದ ಪರೀಕ್ಷೆ) ಹಾಕಿದಾಗ ಅದರ ಬಿಳಿ ಡೆವಲಪರ್ ಮೇಲೆ ಮೊದಲು ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕಿ. ನೋಡುತ್ತಿದ್ದಂತೆ ಅದು ಎರಡೂ ಕಡೆ ಹರಿದು, ಬೀಡನ್ನು ಅಡ್ಡಡ್ಡ ಸೀಳಿದ ಗೆರೆಯಾಯಿತು. ರಿಂಗಿಗೆ ನಾಲ್ಕು ಸಾವಿರದ ಲೆಕ್ಕದಲ್ಲಿ ಡೆಬಿಟ್ ನೋಟ್ ಬಂತು. ಪೌಡರ್ ಆಗ ಕಿಲೋಗೆ ನಾಲ್ಕು ಸಾವಿರದ ಆಸುಪಾಸು. ಆರ್ಗಾನ್, ಲೇತ್ ಕೂಲಿ ಸೇರಿ ಎಪ್ಪತ್ತು ಸಾವಿರ ನೀರಿಗೆ ಹೋಯಿತು. ಚೀಟಿ ಎತ್ತಿ ಕೊಯಮತ್ತೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಪಿಟಿಎ ಮೆಷಿನಿನ ಕಂತು ಬೇರೆ ಬಾಕಿ ಇತ್ತು.

ಒಂದು ತಪ್ಪು ಬೇಗ ಸಿಕ್ಕಿತು. ಪ್ರೀಹೀಟ್ (ಬೆಸೆಯುವ ಮೊದಲು ಕಾಯಿಸುವುದು) 400 ಡಿಗ್ರಿ ಸೆಲ್ಸಿಯಸ್ ಅಂತ ದೂರದಿಂದಲೇ ಬಿಸಿ ಅಳೆಯುವ ಐಆರ್ ಗನ್ ನಂಬಿದ್ದೆ. ಹೊಳೆಯುವ ಸ್ಟೇನ್‌ಲೆಸ್ ಮೇಲೆ ಆ ಗನ್ ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ಎಷ್ಟೋ ಕಡಿಮೆ ತೋರಿಸುತ್ತದೆ. ರಿಂಗಿನ ಒಂದು ಬದಿ 550, ಇನ್ನೊಂದು ಬದಿ 350 ಇತ್ತು ಅಂತ ಬಿಸಿ ಅಳೆಯುವ ಥರ್ಮೋಕಪಲ್ ತಂತಿಯನ್ನು ರಿಂಗಿಗೇ ಟ್ಯಾಕ್ ಹಾಕಿದ ಮೇಲೆ ಗೊತ್ತಾಯಿತು. ಅದನ್ನು ಸರಿ ಮಾಡಿದರೂ ಹತ್ತಕ್ಕೆ ನಾಲ್ಕು ಒಡೆಯುತ್ತಲೇ ಇದ್ದವು. ಬೇಗ ತಣಿಯುತ್ತಿದ್ದದ್ದೇ ತೊಂದರೆ. ನಿಧಾನ ತಣಿಸಲು ಸುಣ್ಣದ ಪುಡಿ, ವರ್ಮಿಕ್ಯುಲೈಟ್ ಎಲ್ಲ ನೋಡಿದೆ. ಕೆಳಗೆ ಇಂಕೊನೆಲ್ 625 ಅನ್ನುವ ಇನ್ನೊಂದು ನಿಕಲ್ ಮಿಶ್ರಲೋಹದ ಒಂದು ಪದರ ಕೊಟ್ಟು ನೋಡಿದೆ. ಬಿರುಕು ಕಡಿಮೆ ಆಯಿತು. ಆದರೆ ಡ್ರಾಯಿಂಗಿನಲ್ಲಿ ಇಲ್ಲದ ಪದರ ಅಂತ ಇನ್‌ಸ್ಪೆಕ್ಟರ್ ಮುಟ್ಟಲೂ ಇಲ್ಲ. "ಫರ್ನೇಸ್ ತಗೊಳ್ಳಿ ಸ್ವಾಮಿ" ಅಂದರು. ಕೊಟೇಶನ್ ಏಳು ಲಕ್ಷ! ಜೊತೆಗೆ ಮಧ್ಯರಾತ್ರಿ ಕರೆಂಟ್ ಹೋದರೆ ಕೂಲಿಂಗ್ ಸೈಕಲ್ ಹಾಳು.

ಬೂದಿ ತಲೆಗೆ ಬಂದದ್ದು ಮಂಡಕ್ಕಿ ಭಟ್ಟಿಯಲ್ಲಿ. ಅಲ್ಲಿ ಹೊಟ್ಟಿನ ಬೂದಿ ರಾಶಿ ದಾಟಲು ಹೋದೆ. ಭಟ್ಟಿಯವರು ಕೂಗಿದರು: "ಕಾಲಿಡಬೇಡಿ ಭಾಯ್, ನಿನ್ನೆ ಸಂಜೆ ಸುರಿದಿದ್ದು ಅದು." ಮೇಲೆ ಕೈಯಿಟ್ಟರೆ ತಣ್ಣಗಿತ್ತು. ಕಡ್ಡಿಯಲ್ಲಿ ಕೆದಕಿದರೆ ಒಳಗೆ ಇನ್ನೂ ಕೆಂಪು. ಅವತ್ತೇ ನಾಲ್ಕು ಚೀಲ ತಂದೆ. ದುಡ್ಡು ಕೊಡಲು ಹೋದರೆ ನಕ್ಕುಬಿಟ್ಟರು.

ಅಲ್ಲಿಂದ ಶುರುವಾಯಿತು ಬೂದಿಯ ಪಾಠ. ಮೊದಲ ಚೀಲ ಮಳೆಗೆ ನೆನೆದಿತ್ತು. ಹುಗಿದ ಕೂಡಲೇ 'ಚುಯ್' ಅಂತ ಆವಿ, ಹಿಂದೆಯೇ 'ಟಿಣ್'. ಎರಡನೆಯದರಲ್ಲಿ ಅರ್ಧ ಬೆಂದ ಹೊಟ್ಟು. ಬಿಸಿ ರಿಂಗು ತಾಗಿ ಒಳಗೇ ಹೊತ್ತಿಕೊಂಡಿತು, ಶೆಡ್ ತುಂಬಾ ಹೊಗೆ. ಟೈರ್ ತುಂಡು ಉರಿಸಿದ ಒಲೆಯ ಬೂದಿಯನ್ನಂತೂ ಹತ್ತಿರ ಸೇರಿಸಬೇಡಿ, ಅದರ ಗಂಧಕ ನಿಕಲ್ ತಿನ್ನುತ್ತದೆ. ಕೊನೆಗೆ ರೈಸ್ ಮಿಲ್ ಬಾಯ್ಲರಿನ ಚೆನ್ನಾಗಿ ಬೆಂದ ಬೂದಿ ಹಿಡಿದೆ. ಅದನ್ನು ಹೇಗೆ ಜರಡಿ ಹಿಡಿದು, ಏನು ಬೆರೆಸಿ ಒಣಗಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಆಮೇಲೆ ಇನ್‌ಸ್ಪೆಕ್ಟರ್ ಬಂದು ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ಕ್ಲೋರೈಡ್ ಎಷ್ಟಿದೆ?" ನನ್ನ ಬಾಯಿ ಕಟ್ಟಿತು. ಹೊಟ್ಟಿನ ಬೂದಿಯಲ್ಲಿ ಪೊಟ್ಯಾಶ್, ಕ್ಲೋರೈಡ್ ಇದ್ದೇ ಇರುತ್ತದೆ. ನ್ಯೂಕ್ಲಿಯರ್ ಕೆಲಸದಲ್ಲಿ ಸ್ಟೇನ್‌ಲೆಸ್‌ಗೆ ತಾಗುವ ಮಾರ್ಕರ್ ಪೆನ್ನಿಗೂ ಕ್ಲೋರೈಡ್ ಮಿತಿ ಉಂಟು. ಅವರು ಹೇಳಿದ್ದು ಸರಿಯೇ. ಆ ರಾತ್ರಿ ಡಬ್ಬಿಯ ಉಪಾಯ ಹೊಳೆಯಿತು. ಡ್ರಮ್ಮಿನೊಳಗೆ ಮುಚ್ಚಳ ಇರುವ ಸ್ಟೇನ್‌ಲೆಸ್ ಡಬ್ಬಿ, ಡಬ್ಬಿಯಲ್ಲಿ ರಿಂಗು, ಡಬ್ಬಿಯ ಸುತ್ತ ಬೂದಿ. ರಿಂಗಿಗೆ ಬೂದಿ ತಾಗುವುದೇ ಇಲ್ಲ. ತೆಗೆದ ಮೇಲೆ ಲವಣ ತೆಗೆದ ಡಿಎಂ ನೀರಿನಲ್ಲಿ ಒರೆಸಿಕೊಟ್ಟರೆ ಆಯಿತು.

ಆದರೂ ತಣಿಯುವ ವೇಗ ಜಾಸ್ತಿಯೇ. ಎಂಟು ಕಿಲೋ ರಿಂಗಿನಲ್ಲಿ ಬಿಸಿ ಎಷ್ಟಿದ್ದೀತು? ಎರಡು ಗಂಟೆಯಲ್ಲಿ 600ರಿಂದ ಇನ್ನೂರೈವತ್ತರ ಹತ್ತಿರ ಬಂದುಬಿಡುತ್ತಿತ್ತು. ಅದಕ್ಕೆ ಮದ್ದು ಗುಜರಿಯಲ್ಲಿ ಸಿಕ್ಕಿತು: ಮೂವತ್ತು ಕಿಲೋ ಚಿಲ್ಲರೆಯ ಹಳೆ ಫ್ಲ್ಯಾಂಜ್. ಅದನ್ನೂ ಗ್ಯಾಸ್ ಬರ್ನರಿನಲ್ಲಿ ರಿಂಗಿನಷ್ಟೇ ಕಾಯಿಸಿ ಡಬ್ಬಿಯ ತಳಕ್ಕೆ ಇಟ್ಟೆ, ಮೇಲೆ ಬ್ಲಾಂಕೆಟ್ ತುಂಡು, ಅದರ ಮೇಲೆ ರಿಂಗು. ಸಂಜೆ ಆರಕ್ಕೆ ಹುಗಿದೆ. ಬೆಳಿಗ್ಗೆ ಒಂಬತ್ತಕ್ಕೆ ಮೀಟರ್ ಇನ್ನೂ 150ರ ಮೇಲೆ! ರಾತ್ರಿಯೆಲ್ಲಾ ಒಂದು ಸದ್ದಿಲ್ಲ. ನಾನು ಶೆಡ್ಡಿನಲ್ಲೇ ಚಾಪೆ ಹಾಕಿ ಮಲಗಿದ್ದೆ, ಆದ್ದರಿಂದ ಗೊತ್ತು.

ಮಾಕ್-ಅಪ್ (ಪರೀಕ್ಷೆಗೆ ಮಾಡುವ ಮಾದರಿ) ರಿಂಗಿನಲ್ಲಿ ಕಾಸು ಉಳಿಸಲು ಹೋಗಿ ಇನ್ನೊಂದು ಪೆಟ್ಟು ತಿಂದೆ. ಮೂಲೆಯಲ್ಲಿದ್ದ ಸಾದಾ 304 ತುಂಡಿನಲ್ಲೇ ಮಾಡಿದೆ. ನಿಧಾನ ತಣಿದರೆ 850ರಿಂದ 450ರ ನಡುವೆ ಕಾರ್ಬೈಡ್ ಕೂತು ಸ್ಟೇನ್‌ಲೆಸ್ ತುಕ್ಕಿಗೆ ಸೋಲುತ್ತದೆ ಅಂತ ಗೊತ್ತಿದ್ದೂ ಮಾಡಿದೆ. ಆಕ್ಸಾಲಿಕ್ ಆಸಿಡ್ ಎಚ್ ಪರೀಕ್ಷೆ ಮಾಡಿ ನೋಡಿದರೆ ಕಣಗಳ ಸುತ್ತ ಕಾಲುವೆ ತೋಡಿದ ಹಾಗಿತ್ತು. ಸಾವಿರದೈನೂರು ಉಳಿಸಲು ಹೋಗಿ ಎರಡು ವಾರ ಕಳೆದೆ. 316 ಎಲ್‌ನಲ್ಲಿ ಇಂಗಾಲ 0.03ರ ಒಳಗೆ, ಅದರಲ್ಲಿ ತಕರಾರು ಬರಲಿಲ್ಲ. ಗಡಸುತನ ಮೊದಲ ಪದರದಲ್ಲಿ 38-40 ಆರ್‌ಸಿ (ರಾಕ್‌ವೆಲ್ ಸಿ ಅಳತೆ), ಎರಡನೆಯದರಲ್ಲಿ 45ರಿಂದ 48. ಅದಕ್ಕೇ ಎರಡು ಪದರ ಬೇಕೇ ಬೇಕು.

ಡ್ರಮ್, ಫ್ಲ್ಯಾಂಜ್, ಡಬ್ಬಿ, ಬ್ಲಾಂಕೆಟ್ ಎಲ್ಲ ಸೇರಿ ಎಂಟು ಸಾವಿರದ ಒಳಗೆ. ಅಲ್ಲಿಂದ ಈಚೆಗೆ ನೂರ ನಲವತ್ತು ನೂರೈವತ್ತು ರಿಂಗು ಹೋಗಿರಬೇಕು. ವಾಪಸ್ ಬಂದದ್ದು ನಾಲ್ಕು. ಎರಡರಲ್ಲಿ ಕ್ರೇಟರ್ ಕ್ರ್ಯಾಕ್ (ಬೀಡ್ ಮುಗಿಯುವ ಕುಳಿಯಲ್ಲಿ ಬಿರುಕು), ಅದು ನನ್ನದೇ ತಪ್ಪು. ಒಂದರಲ್ಲಿ ಪಿನ್‌ಹೋಲ್, ಮಳೆಗಾಲದಲ್ಲಿ ಪೌಡರ್ ಬೇಯಿಸದೆ ಹಾಕಿದ್ದೆವು. ಒಂದನ್ನು ಹುಡುಗ ಕೆಡವಿದ. ಬೀಡ್ ಮುಚ್ಚುವ ಜಾಗದಲ್ಲಿ ಕರೆಂಟ್ ಇಳಿಸುತ್ತಾ ಎಷ್ಟು ಮುಂದೆ ಹೋಗಬೇಕು ಅನ್ನುವುದನ್ನು ನೀವೇ ನಾಲ್ಕು ರಿಂಗು ಕೆಡಿಸಿ ಕಲಿಯಿರಿ, ನಾನು ಕೆಡಿಸಿದ್ದು ಅದಕ್ಕಿಂತ ಜಾಸ್ತಿ.

ಮೆಷಿನ್ ಕೆಳಗೆ ಗುಡಿಸಿದ ಪೌಡರ್ ವಾಲ್ವಿಗೆ ಬರುವುದಿಲ್ಲ. ಸುಮ್ನೆ ಎಸೆಯುವುದೇಕೆ ಅಂತ ಭಟ್ಟಿ ಭಾಯ್ ಅವರ ಪರಿಚಯದವರ ಹೊಟ್ಟು ಪುಡಿ ಮಾಡುವ ಮೆಷಿನಿನ ಹ್ಯಾಮರ್ ತುದಿಗೆ ಹಾಕಿಕೊಟ್ಟೆ. ಮೊದಲು ಹದಿನೈದು ದಿನಕ್ಕೆ ಸವೆಯುತ್ತಿದ್ದದ್ದು ಈಗ ಎರಡು ತಿಂಗಳು ಓಡುತ್ತಿದೆ. ವಾಲ್ವ್ ಕಂಪನಿಯವರು ಬಿಲ್ಲು ಪಾಸು ಮಾಡಲು ತೊಂಬತ್ತು ದಿನ, ಇವರು ಸಂಜೆಯೇ ನಗದು ಕೊಟ್ಟು ಒಂದು ಸೇರು ಮಂಡಕ್ಕಿಯನ್ನೂ ಕಟ್ಟಿಕೊಡುತ್ತಾರೆ.

ಈಗ 450 ಮಿಮೀ ರಿಂಗು ಮಾಡಿಕೊಡ್ತೀರಾ ಅಂತ ಎನ್‌ಕ್ವೈರಿ ಬಂದಿದೆ. ಅದಕ್ಕೆ ಈ ಡ್ರಮ್ ಸಾಲದು. ಹಳೆ ಡೀಸೆಲ್ ಟ್ಯಾಂಕ್ ಒಂದು ಹರಿಹರದ ಗುಜರಿಯಲ್ಲಿದೆ, ಆರು ಸಾವಿರ ಕೇಳುತ್ತಿದ್ದಾನೆ. ಐದಕ್ಕೆ ಬಂದರೆ ತರುತ್ತೇನೆ.